ಯಾರೂ ನೋಡದ ಸಿನಿಮಾಗಳು

ಕನ್ನಡಕದ ಗಾಜಿನ ಅಂಚು ಸಾಣೆಕಲ್ಲಿಗೆ ತಾಗಿ ಕಿರ್ರೆನ್ನುವಾಗ ಆ ಸದ್ದಿನ ಅಡಿಯಲ್ಲೆಲ್ಲೋ ಅವಳದೇ ಮಾತೊಂದು ಹಾದುಹೋಯಿತು, ಆ ಸಿನಿಮಾದಲ್ಲಿ ದೆವ್ವಕ್ಕಿಂತ ಆ ಮನೆಯ ನಲ್ಲಿಯೇ ನನ್ನನ್ನು ಹೆಚ್ಚು ಹೆದರಿಸಿತು ಅಂತ, ಆದರೆ ಅವಳು ಬಾಯಿ ತೆರೆದಿರಲಿಲ್ಲ, ತುಟಿಗಳ ನಡುವೆ ಸಾಸಿವೆಯಷ್ಟು ಚಿಕ್ಕ ಸ್ಕ್ರೂ ಕಚ್ಚಿಕೊಂಡಿದ್ದಳು, ಬಾಯಿ ತೆರೆದರೆ ಬಿದ್ದು ಕಳೆದೇ ಹೋಗುತ್ತದೆ, ಈ ಕೋಣೆಯ ನೆಲ ಇಂಥ ಎಷ್ಟು ಸ್ಕ್ರೂ ನುಂಗಿದೆಯೋ, — ಮತ್ತೆ ಬಂತು, ದೆವ್ವ ಎಷ್ಟಾದರೂ ಸಂಬಳ ತೆಗೆದುಕೊಂಡ ನಟಿ, ನಲ್ಲಿ ಮಾತ್ರ ನಿಜವಾಗಿ ಸೋರುತ್ತಿತ್ತು — ಇದು ಮುಂದಿನ ಕೋಣೆಯ ರೇಡಿಯೋ, ಇದು ಹೆಂಗಸಿನ ದನಿ, ಸ್ವಲ್ಪ ಮೂಗಿನಿಂದ ಬರುವ, ವಾಕ್ಯದ ಕೊನೆಯಲ್ಲಿ ಉಸಿರು ಎಳೆದುಕೊಳ್ಳುವ ದನಿ, ಹನ್ನೊಂದು ವರ್ಷದಿಂದ ಪ್ರತಿ ಮಂಗಳವಾರ ಎಡಗಿವಿಯ ಪಕ್ಕದಲ್ಲಿ ಕೇಳಿದ ದನಿ, ಟೈಪಿಸ್ಟು ಗೆಳತಿಯದು. ಅವಳು ಕಲ್ಲಿನ ಸ್ವಿಚ್ಚು ಆರಿಸಿದಳು. ಕಲ್ಲು ತನ್ನ ಪಾಡಿಗೆ ಇನ್ನೂ ನಾಲ್ಕು ಸುತ್ತು ತಿರುಗಿ ನಿಂತಿತು. ಮುಂದಿನಿಂದ ಗಂಡ ಕೂಗಿದ, ಏ, ಬಾರೇ ಇಲ್ಲಿ, ನಿನ್ನ ಗೆಳತಿ ರೇಡಿಯೋದಲ್ಲಿ ಬಂದಿದ್ದಾಳೆ, ನೀನು ಹೇಳಲೇ ಇಲ್ಲವಲ್ಲ. ಅವಳು ಹೇಗೆ ಹೇಳಬೇಕು, ಅವಳಿಗೆ ಗೊತ್ತಿದ್ದರಲ್ಲವೇ.

ಪರದೆ ಸರಿಸಿ ನಿಂತಳು, ಸ್ಕ್ರೂ ಇನ್ನೂ ತುಟಿಯಲ್ಲೇ. ಗಂಡ ಕೌಂಟರಿನ ಹಿಂದೆ, ಅವನ ಎದುರು ಗಿರಾಕಿಯೊಬ್ಬ, ದಪ್ಪ ಗಾಜಿನ ಮೇಷ್ಟ್ರು, ಹೊಸ ಫ್ರೇಮು ಮೂಗಿನ ಮೇಲಿಟ್ಟುಕೊಂಡು ಕನ್ನಡಿ ನೋಡುವುದು ಬಿಟ್ಟು ರೇಡಿಯೋ ನೋಡಿ ನಗುತ್ತಿದ್ದಾರೆ, ನಲ್ಲಿಯಂತೆ, ಒಳ್ಳೆ ಹೇಳಿದಳು ಈಯಮ್ಮ. ಅವಳಿಗೂ ನಗು ಬಂತು, ಮೊದಲು ಬಂದದ್ದು ನಗುವೇ, ಅದನ್ನು ಆಮೇಲೆ ಎಷ್ಟು ಬೇಡವೆಂದರೂ ಅಲ್ಲಗಳೆಯಲಾಗಲಿಲ್ಲ — ತನ್ನ ಮಾತಿಗೆ ಗುರುತಿಲ್ಲದ ಮೇಷ್ಟ್ರು ನಕ್ಕರಲ್ಲ. ಮನೆಯಲ್ಲಿ ಯಾರು ನಗುತ್ತಾರೆ, ಗಂಡನಿಗೆ ಸಿನಿಮಾ ಅಂದರೆ ನಿದ್ದೆಮಾತ್ರೆ, ಮಗಳಿಗೆ ಈಜುಕೊಳವೇ ಲೋಕ, ಸಣ್ಣ ಮಕ್ಕಳಿಗೆ ನೀರಿನಲ್ಲಿ ಕಾಲು ಬಡಿಯುವುದು ಕಲಿಸುತ್ತಾಳೆ, ಅಮ್ಮಾ ನೀನು ನೋಡೋ ಸಿನಿಮಾ ಅದರ ಡೈರೆಕ್ಟರೂ ನೋಡಿರಲ್ಲ ಅನ್ನುತ್ತಾಳೆ. ನಿಜವೇ. ಹಳೆಯ ಗ್ರಂಥಾಲಯದ ಮಹಡಿಯ ಮೇಲೆ ನಲವತ್ತು ಕುರ್ಚಿಯ ಸಭಾಂಗಣ, ಮಂಗಳವಾರ ಎರಡೂವರೆಗೆ ಆಟ, ಯಾವ ಊರಿನಲ್ಲೂ ಮೂರು ದಿನ ಓಡದ ಸಿನಿಮಾಗಳೇ ಅಲ್ಲಿಗೆ ಬರುವುದು, ಬಿಟ್ಟಿಯಾಗಿ ಬಿಸಿಲು ತಪ್ಪಿಸಿಕೊಳ್ಳಲು ಬಂದ ಇಬ್ಬರು ಮುದುಕರು, ನಾಲ್ಕನೆಯ ಸಾಲಿನಲ್ಲಿ ಅವಳು, ಪಕ್ಕದಲ್ಲಿ ಟೈಪಿಸ್ಟು. ಅಂಗಡಿಗೆ ಮಂಗಳವಾರ ರಜೆ, ಟೈಪಿಸ್ಟಿಗೆ ಆಗಷ್ಟೇ ಕೆಲಸದಿಂದ ನಿವೃತ್ತಿ, ಮೊದಲ ದಿನ ಒಂದೇ ದೃಶ್ಯಕ್ಕೆ ಇಬ್ಬರೂ ಒಟ್ಟಿಗೆ ಥೂ ಅಂದಿದ್ದರು, ಅಷ್ಟೇ ಪರಿಚಯ, ಆ ಥೂ ಹನ್ನೊಂದು ವರ್ಷ ಬೆಳೆಯಿತು.

ಅವಳು ದೊಡ್ಡ ಜಾಣೆಯೇನಲ್ಲ, ಸಿನಿಮಾದ ಬಗ್ಗೆ ಒಂದು ಪುಸ್ತಕ ಓದಿದವಳಲ್ಲ, ಕಂಡದ್ದನ್ನು ಹೇಳುತ್ತಾಳೆ, ಕಾಣಿಸುವುದೇ ಅವಳ ಕಸುಬು. ಗುಂಡೇ ಹಾರದ ಆ ಯುದ್ಧದ ಸಿನಿಮಾ, ಸೈನಿಕರು ಶಾಲೆಯೊಂದರಲ್ಲಿ ತಿಂಗಳುಗಟ್ಟಲೆ ಕಾಯುತ್ತಾರೆ, ಒಬ್ಬ ಬೇಜಾರಿಗೆ ಮಕ್ಕಳ ಮುರಿದ ಬೆಂಚು ರಿಪೇರಿ ಮಾಡುತ್ತಾನೆ, ಅವನು ಮೊಳೆ ಹೊಡೆಯುವಾಗ ಪ್ರತಿ ಸಲ ಉಳಿದವರು ಬೆಚ್ಚುತ್ತಾರೆ, ಎಷ್ಟು ಚೆನ್ನಾಗಿತ್ತು, ಕೊನೆಗೆ ಬಾವುಟ ತಂದು ಬ್ಯಾಂಡು ಬಾರಿಸಿ ಕೆಡಿಸಿದರು. ಆಕಾಶನೌಕೆಯ ಸಿನಿಮಾ, ಗೋಡೆಯ ತುಂಬ ಅಡುಗೆಮನೆಯ ಜಾಲರಿಗಳಿಗೆ ಬೆಳ್ಳಿ ಬಣ್ಣ ಬಳಿದು ಅಂಟಿಸಿದ್ದರು, ಚಹಾ ಸೋಸುವ ಜಾಲರಿ ಅಂತ ಅವಳಿಗೆ ಗೊತ್ತು, ಆದರೂ ಆ ಗಗನಯಾತ್ರಿ ತನ್ನ ಪಾಲಿನ ನೀರಿನಲ್ಲಿ ಅರ್ಧ ಲೋಟ ಗಿಡಕ್ಕೆ ಹಾಕಿದಾಗ ಜಾಲರಿ ಹೋಗಿ ನೌಕೆಯೇ ಆಯಿತು. ಗೋಡೆಯ ಆಚೀಚೆ ಮಾತಾಡಿಕೊಳ್ಳುವ ಪ್ರೇಮಿಗಳದು, ಮದುವೆಯಾಗಿ ಗೋಡೆ ಒಡೆಸುತ್ತಾರೆ, ಆಮೇಲೆ ಅವರ ನಡುವೆ ಮಾತೇ ಇಲ್ಲ, ಟೈಪಿಸ್ಟು ಮದುವೆಯಾಗದವಳು, ಇದು ಉತ್ಪ್ರೇಕ್ಷೆ ಅಂದಿದ್ದಳು, ಅವಳು ಹೇಳಿದ್ದಳು, ಇಲ್ಲ ಕಣೇ, ಇದೊಂದೇ ಸಾಕ್ಷ್ಯಚಿತ್ರ. ಟೈಪಿಸ್ಟು ಬಿದ್ದು ಬಿದ್ದು ನಕ್ಕು ಕೈಚೀಲದಿಂದ ಪುಟ್ಟ ಪುಸ್ತಕ ತೆಗೆದು ಬರೆದುಕೊಂಡಳು. ಅದೇನು ಬರೆಯೋದು? ಮರೆವು ಕಣೇ, ವಯಸ್ಸಾಯ್ತಲ್ಲ, ಆಮೇಲೆ ನೆನೆಸಿಕೊಂಡು ನಗೋಕೆ. ಹೌದೇ ಅಂದುಕೊಂಡಿದ್ದಳು. ತನ್ನ ಮಾತು ಒಬ್ಬರು ಬರೆದಿಟ್ಟುಕೊಳ್ಳುವಷ್ಟು ಬಾಳುತ್ತದೆ ಎಂದು ಒಳಗೊಳಗೇ ಹಿಗ್ಗಿದ್ದಳು, ದಡ್ಡಿ.

ರೇಡಿಯೋ ಈಗ ಪತ್ತೇದಾರಿ ಸಿನಿಮಾಕ್ಕೆ ಬಂದಿತ್ತು, ಕೊಲೆಗಾರ ಯಾರೆಂದು ನನಗೆ ಅರ್ಧಕ್ಕೇ ತಿಳಿಯಿತು, ಯಾಕೆಂದರೆ ಎಲ್ಲರ ಪೈಕಿ ಅವನೊಬ್ಬನ ಕನ್ನಡಕಕ್ಕೆ ಮಾತ್ರ ಪವರ್ ಇರಲಿಲ್ಲ, ಬರೀ ಗಾಜು. ಮೇಷ್ಟ್ರು ಭಲೇ ಅಂದರು. ಗಂಡ ತಲೆ ಎತ್ತಿದ, ಅಲ್ವೇ, ಇದು ಇವಳಿಗೆ ಹೇಗೆ ಗೊತ್ತಾಯ್ತು, ಇದು ನಮ್ಮ ಅಂಗಡಿ ಮಾತಲ್ವಾ? ಅವಳು ಸ್ಕ್ರೂವನ್ನು ಅಂಗೈಗೆ ಉಗುಳಿ, ನಾನೇ ಯಾವತ್ತೋ ಹೇಳಿರಬೇಕು ಬಿಡಿ ಅಂದಳು. ಬಿಟ್ಟಳು ಕೂಡ. ಮನಸ್ಸಿನಲ್ಲೇ ಲೆಕ್ಕ ಬಗೆಹರಿಸಿದಳು — ಪಾಪ, ಮೂವತ್ತು ವರ್ಷ ಬೇರೆಯವರ ಕಾಗದಗಳನ್ನೇ ಟೈಪು ಮಾಡಿದವಳು, ಒಂದು ಹತ್ತು ನಿಮಿಷ ರೇಡಿಯೋದಲ್ಲಿ ಮಾತಾಡಲು ಸಿಕ್ಕಿದೆ, ನಾಲ್ಕು ಚಟಾಕಿ ನನ್ನದೇ ಇದ್ದರೆ ಏನು ಹೋಯಿತು, ಒಂದು ಮಾತು ಹೇಳಿದ್ದರೆ ನಾನೇ ಇನ್ನೂ ನಾಲ್ಕು ಕೊಡುತ್ತಿದ್ದೆ. ಆದರೆ ಹೇಳಲಿಲ್ಲವಲ್ಲ. ಮೊನ್ನೆ ಮಂಗಳವಾರ ಪಕ್ಕದಲ್ಲೇ ಕೂತು, ಅದೇ ಡಬ್ಬಿಯಿಂದ ಪೆಪ್ಪರಮೆಂಟು ಕೊಟ್ಟು, ಕಾಲು ನೋವು ಹೇಗಿದೆ ಅಂತ ಕೇಳಿ, ಇದೊಂದು ಹೇಳಲಿಲ್ಲ. ತಿರುಗಿ ಒಳಗೆ ಹೋಗುವವಳಿದ್ದಳು, ಮೇಷ್ಟ್ರ ಗಾಜಿನ ಅಂಚು ಇನ್ನೂ ಒರಟಾಗಿಯೇ ಇತ್ತು, ಆಗ ದನಿ ತಗ್ಗಿತು, ಟೈಪಿಸ್ಟು ಉಸಿರು ಎಳೆದುಕೊಂಡಳು, ಕೊನೆಯದಾಗಿ ಒಂದು ಸಿನಿಮಾ, ಕೇಳುಗರೇ, ಅದರ ಬಗ್ಗೆ ಹೇಳಬೇಕೆಂದರೆ ನನ್ನದೇ ಬದುಕಿನ ಒಂದು ದಿನದ ಬಗ್ಗೆ ಹೇಳಬೇಕು.

ರೈಲಿನ ಸಿನಿಮಾ. ಅವಳಿಗೆ ಗೊತ್ತಾಯಿತು, ಪರದೆ ಹಿಡಿದುಕೊಂಡಳು. ಬೇಡ ಕಣೇ. ಗಂಡನಿರುವ ಕೋಣೆಯಲ್ಲಿ ಬೇಡ. ಆ ಸಿನಿಮಾದಲ್ಲಿ ತಾಯಿಯೊಬ್ಬಳು ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು ರೈಲು ಹತ್ತುತ್ತಾಳೆ, ಒಂದೂವರೆ ಗಂಟೆ ಬರೀ ಕಿಟಕಿ, ಹೊಲ, ಅವಳ ಕೈ, ಒಬ್ಬರೂ ಅವಳನ್ನು ಬೈಯುವುದಿಲ್ಲ, ಅವಳೂ ಅಳುವುದಿಲ್ಲ, ಅಷ್ಟು ಸತ್ಯವಾದ ಸಿನಿಮಾ ಅವಳು ಕಂಡಿರಲಿಲ್ಲ, ಆಮೇಲೆ ಕೊನೆಯ ಹತ್ತು ನಿಮಿಷ ಬಂತಲ್ಲ, ಪಿಟೀಲು ಶುರುವಾಯಿತು, ತಾಯಿ ಇಳಿದು ಹಳಿಯ ಮೇಲೆ ಓಡೋಡಿ ಬಂದು ಮಗುವನ್ನು ಎದೆಗೊತ್ತಿಕೊಂಡಳು. ಅವಳು ಎದ್ದು ಹೊರಗೆ ಬಂದಿದ್ದಳು. ಟೈಪಿಸ್ಟು ಹಿಂದೆಯೇ ಬಂದು ಗ್ರಂಥಾಲಯದ ಮೆಟ್ಟಿಲ ಮೇಲೆ ಕೂರಿಸಿ, ಏನಾಯ್ತೇ, ಏನಾಯ್ತೇ ಅಂತ ಬೆನ್ನು ನೀವಿದಳು. ಸುಳ್ಳು ಕಣೇ, ಹಾಗೆಲ್ಲ ಯಾರೂ ವಾಪಸ್ ಬರಲ್ಲ. ನಿನಗೆ ಹೇಗೆ ಗೊತ್ತು? ಗೊತ್ತು. ಹೇಳೇ. ಹೇಳಿದಳು, ಇಪ್ಪತ್ತು ವರ್ಷ ಯಾರಿಗೂ, ಹೆತ್ತ ತಾಯಿಗೂ, ಒಡಹುಟ್ಟಿದ ಅಕ್ಕನಿಗೂ ಹೇಳದ್ದನ್ನು ಆ ಮೆಟ್ಟಿಲ ಮೇಲೆ ಹೇಳಿದಳು, ಆವತ್ತು ಟೈಪಿಸ್ಟು ಪುಸ್ತಕ ತೆಗೆಯಲಿಲ್ಲ, ಅದು ಅವಳಿಗೆ ಚೆನ್ನಾಗಿ ನೆನಪಿದೆ, ಎರಡೂ ಕೈ ತನ್ನ ಬೆನ್ನ ಮೇಲೇ ಇದ್ದವು.

ಗಂಡ ಗಾಜು ತರಲು ದೊಡ್ಡ ಪೇಟೆಗೆ ಹೋಗಿದ್ದ ದಿನ ಅದು. ಮಗಳಿಗೆ ನಾಲ್ಕು ವರ್ಷ. ಬೆಳಿಗ್ಗೆ ಹಾಲು ಉಕ್ಕಿತ್ತು, ಅಷ್ಟೇ, ಗಂಡ ಹೊಡೆದಿರಲಿಲ್ಲ, ಅತ್ತೆ ಬೈದಿರಲಿಲ್ಲ, ಬೇರೆ ಯಾರ ಮೇಲೂ ಮನಸ್ಸಿರಲಿಲ್ಲ, ಹಾಲು ಉಕ್ಕಿ ಒಲೆಯ ಕಟ್ಟೆಯ ಮೇಲೆ ಹರಿದಿತ್ತು, ಅದನ್ನು ಒರೆಸುತ್ತ ಒರೆಸುತ್ತ ಇನ್ನು ಎಷ್ಟು ಸಲ ಒರೆಸಬೇಕು ಅನ್ನಿಸಿತು. ಮಗುವನ್ನು ಶಾಲೆಗೆ ಬಿಟ್ಟು, ಮನೆಗೆ ಬಂದು, ಚೀಲಕ್ಕೆ ಎರಡು ಸೀರೆ ತುಂಬಿ, ಬಾಗಿಲ ಹಿಂದಿನ ಕತ್ತಲಲ್ಲಿ ಚಪ್ಪಲಿ ಮೆಟ್ಟಿ, ರೈಲು ಹತ್ತಿದಳು. ಹೊರಟಾಗ ಎಷ್ಟು ಹಗುರವಾಗಿತ್ತು, ಅದನ್ನು ಯಾರ ಮುಂದೆಯೂ ಹೇಳುವಂತಿಲ್ಲ, ಮಗುವಿನ ನೆನಪು ಒಂದು ಸಲವೂ ಬರಲಿಲ್ಲ, ಒಂದು ಸಲವೂ. ಎರಡನೆಯ ಸ್ಟೇಷನ್ನು ದಾಟಿದ ಮೇಲೆ ಎದುರಿಗೆ ಕೂತಿದ್ದ ಅಜ್ಜಿ ಅವಳ ಕಾಲು ನೋಡಿ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಬಗ್ಗಿ ನೋಡಿದಳು. ಒಂದು ಕಂದು, ಒಂದು ಕಪ್ಪು. ಒಂದೇ ಅಂಗಡಿಯಲ್ಲಿ ಕೊಂಡ ಎರಡು ಜೊತೆ, ಒಂದೇ ಎತ್ತರ, ಕಾಲಿಗೆ ಗೊತ್ತಾಗಿರಲಿಲ್ಲ. ಹೊಸ ಊರಿಗೆ ಹೊಸ ಬಾಳಿಗೆ ಹೀಗೆ ಹೋಗಿ ಇಳಿಯುವುದೇ, ನಾಚಿಕೆಯಿಂದ ಕಿವಿ ಬಿಸಿಯಾಯಿತು, ಮೂರನೆಯ ಸ್ಟೇಷನ್ನಿನಲ್ಲಿ ಇಳಿದುಬಿಟ್ಟಳು, ಚಪ್ಪಲಿ ಬದಲಿಸಿಕೊಂಡು ಮಧ್ಯಾಹ್ನದ ಗಾಡಿಗೆ ಮತ್ತೆ ಹೊರಡೋಣ ಅಂತ. ವಾಪಸ್ ಬರುವ ಗಾಡಿ ತಡವಾಯಿತು. ಊರು ಸೇರುವಷ್ಟರಲ್ಲಿ ಐದು ಗಂಟೆ, ಶಾಲೆ ಬಿಟ್ಟು ನಾಲ್ಕು ತಾಸಾಗಿತ್ತು, ಮನೆಯ ದಾರಿಯಲ್ಲೇ ಶಾಲೆ, ಅದಕ್ಕೇ ಕಂಡಿತು, ಕಾವಲುಗಾರ ಸ್ಟೂಲಿನ ಮೇಲೆ ಕೂತಿದ್ದಾನೆ, ಮಗು ಗೇಟಿನ ಸರಳು ಎರಡೂ ಕೈಯಲ್ಲಿ ಹಿಡಿದು ನಿಂತಿದೆ. ಅಳಲಿಲ್ಲ. ದಾರಿಯುದ್ದಕ್ಕೂ ಅದರ ಅಂಗೈ ತುಕ್ಕಿನ ವಾಸನೆ ಹೊಡೆಯುತ್ತಿತ್ತು. ರಾತ್ರಿ ಗಂಡನಿಗೆ ಅಕ್ಕನ ಮನೆಗೆ ಹೋಗಿದ್ದೆ, ಬಸ್ಸು ಕೆಟ್ಟಿತು, ಪುಟ್ಟಿ ಗೇಟು ಹಿಡಿದು ಕಾಯಬೇಕಾಯಿತು ಅಂದಳು. ಆಮೇಲೆ ಯಾವತ್ತೂ ಹೊರಡಲಿಲ್ಲ.

ರೇಡಿಯೋ ಹೇಳುತ್ತಿತ್ತು, ನನಗೂ ಒಬ್ಬ ಮಗಳಿದ್ದಳು ಕೇಳುಗರೇ. ಮಗಳು! ಬೆಕ್ಕು ಸಾಕಲೂ ಹೆದರುವವಳಿಗೆ ಮಗಳು. ಒಂದು ಬೆಳಿಗ್ಗೆ ಹಾಲು ಉಕ್ಕಿತು — ಹಾಲನ್ನೂ ಬಿಟ್ಟಿಲ್ಲ, ಹಾಲು, ಚೀಲ, ಎರಡು ಸೀರೆ, ಒಂದೊಂದಾಗಿ ಎತ್ತಿ ಎತ್ತಿ ಹೊರಗಿಡುತ್ತಿದ್ದಾಳೆ, ಮನೆ ಖಾಲಿ ಮಾಡುವವರ ಹಾಗೆ, ಮೇಷ್ಟ್ರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದಿದ್ದಾರೆ, ಗಂಡ ಗಲ್ಲಕ್ಕೆ ಕೈ ಕೊಟ್ಟು ಕೂತಿದ್ದಾನೆ, ಈಗ ಮೂರನೆಯ ಸ್ಟೇಷನ್ನು ಬರುತ್ತದೆ, ಈಗ ಅಜ್ಜಿ ನಗುತ್ತಾಳೆ, ಹೇಳು, ಇಷ್ಟು ಹೇಳಿದವಳು ಅದನ್ನೂ ಹೇಳು — ಮೂರನೆಯ ಸ್ಟೇಷನ್ನಿನಲ್ಲಿ, ಕೇಳುಗರೇ, ಕಿಟಕಿಯ ಗಾಜಿನಲ್ಲಿ ನನ್ನ ಕಂದನ ಮುಖ ಕಂಡಿತು, ಎದೆ ಒಡೆದುಹೋಯಿತು, ಇಳಿದು ಓಡಿಬಂದೆ, ಶಾಲೆಯ ಗೇಟಿನ ಸರಳು ಹಿಡಿದು ನಿಂತಿದ್ದ ಕಂದನನ್ನು ಎತ್ತಿಕೊಂಡೆ, ಆ ಸಿನಿಮಾ ಸುಳ್ಳಲ್ಲ, ತಾಯಿ ಯಾವತ್ತಿದ್ದರೂ ವಾಪಸ್ ಬರುತ್ತಾಳೆ. ಆಮೇಲೆ ಪಿಟೀಲು. ನಿಜವಾಗಿಯೂ ಪಿಟೀಲು, ರೇಡಿಯೋದವರು ಹಾಕಿದ್ದರು. ಅವಳ ಕೈಯಲ್ಲಿ ಸ್ಕ್ರೂ ಇರಲಿಲ್ಲ, ಎಲ್ಲಿ ಬಿತ್ತೋ. ಕದ್ದದ್ದು ಕದ್ದಳು, ಹೋಗಲಿ, ಕದ್ದ ಸೀರೆಯನ್ನು ಹಾಗೇ ಉಟ್ಟುಕೊಂಡಿದ್ದರೂ ಸಹಿಸಬಹುದಿತ್ತು, ಬಣ್ಣ ಹಾಕಿ ಜರಿ ಹೊಲಿದು ಉಟ್ಟಳಲ್ಲ. ಆ ಒಂದು ದಿನದಲ್ಲಿ ಸತ್ಯ ಅಂತ ಇದ್ದದ್ದು ಆ ಚಪ್ಪಲಿಯೊಂದೇ, ಮೆಟ್ಟಿಲ ಮೇಲೆ ಅದನ್ನು ಹೇಳಲು ಅವಳಿಗೆ ಅರ್ಧ ಗಂಟೆ ಹಿಡಿದಿತ್ತು, ಅದನ್ನೇ ಕಸದ ಹಾಗೆ ಆಚೆ ಎಸೆದಿದ್ದಾಳೆ.

ಮೇಷ್ಟ್ರು ಕಣ್ಣೊರೆಸಿಕೊಂಡು, ನಾಳೆ ಬರ್ತೀನಿ, ಗಾಜು ನಿಧಾನವಾಗಿ ಮಾಡಿ ಅಂತ ಹೋದರು. ಗಂಡ ರೇಡಿಯೋ ಆರಿಸಿದ. ಪಾಪ, ಎಷ್ಟು ಅನುಭವಿಸಿದ್ದಾಳೆ ಅಂದ. ಒಂದು ಫ್ರೇಮು ಎತ್ತಿ ಒರೆಸಿ ಕೆಳಗಿಟ್ಟ. ಆಮೇಲೆ, ಅಲ್ಲಾ, ಅವಳಿಗೆ ಮದುವೆಯೇ ಆಗಿಲ್ಲವಲ್ಲ, ಮಗು ಎಲ್ಲಿಂದ ಬಂತು? ಅವಳು, ನನಗೇನು ಗೊತ್ತು ಅಂದಳು. ಗೇಟಿನ ಸರಳು ಹಿಡ್ಕೊಂಡು ನಿಂತಿತ್ತು ಅಂದಳಲ್ಲ, ನಮ್ಮ ಪುಟ್ಟಿಯೂ ಒಂದ್ಸಲ ಹಾಗೇ ನಿಂತಿರಲಿಲ್ವಾ, ನಿನ್ನ ಬಸ್ಸು ಕೆಟ್ಟ ದಿನ? ಹೂಂ ಅಂದಳು. ಅವನು ಒಳ್ಳೆಯವನು, ನಂಬುವುದು ಅವನಿಗೆ ಅಭ್ಯಾಸ, ಕಣ್ಣು ಪರೀಕ್ಷೆಗೆ ಕೂತವರು ಅಕ್ಷರದ ಹಲಗೆಯ ಕೆಳಗಿನ ಸಾಲು ಕಾಣಿಸುತ್ತದೆ ಅಂದರೆ ಕಾಣಿಸುತ್ತದೆ ಅಂತಲೇ ಬರೆದುಕೊಳ್ಳುತ್ತಾನೆ, ಆದರೆ ಅಕ್ಷರ ತಪ್ಪಾಗಿ ಓದಿದರೆ ಇನ್ನೊಂದು ಸಲ ಓದಿಸುತ್ತಾನೆ.

ನಾಲ್ಕು ಗಂಟೆಗೆ ಟೈಪಿಸ್ಟೇ ಬಂದಳು, ಇಸ್ತ್ರಿ ಮಾಡಿದ ಸೀರೆ, ಕೈಯಲ್ಲಿ ಬಿಸ್ಕತ್ತಿನ ಡಬ್ಬಿ, ಮುಖ ಮಾತ್ರ ಪರೀಕ್ಷೆ ಬರೆದು ಬಂದ ಹುಡುಗಿಯದು. ಕೇಳಿದ್ರಾ? ಗಂಡ ಕುರ್ಚಿ ಕೊಟ್ಟ, ಕೇಳದೆ ಏನು, ಮೇಷ್ಟ್ರು ಅತ್ತೇಬಿಟ್ಟರು, ಅಂದ ಹಾಗೆ ಆ ಮಗು ಯಾರದ್ದು ತಾಯಿ? ಟೈಪಿಸ್ಟು ಅವಳ ಕಡೆ ನೋಡಿದಳು, ಒಂದೇ ಕ್ಷಣ, ಕಣ್ಣು ಮಿಟುಕಿಸಿದಳು, ಆ ಮಿಟುಕಿನಲ್ಲಿ ನೋಡು ನಿನ್ನನ್ನು ಹೇಗೆ ಕಾಪಾಡುತ್ತೇನೆ ಅಂತಿತ್ತು, ಅಯ್ಯೋ ಬಿಡಿ, ರೇಡಿಯೋ ಅಂದ್ಮೇಲೆ ಸ್ವಲ್ಪ ಉಪ್ಪು ಖಾರ ಬೇಕಲ್ಲ, ಎಲ್ಲ ನಾನೇ ಕಟ್ಟಿದ್ದು. ಗಂಡ ಹೋ ಅಂತ ನಕ್ಕ. ಕಟ್ಟಿದ್ದು. ಅವಳ ಇಡೀ ದಿನ, ಹಾಲು, ರೈಲು, ತುಕ್ಕಿನ ವಾಸನೆಯ ಅಂಗೈ, ಎಲ್ಲ ಕಟ್ಟಿದ್ದು. ಅವಳು ಗೆಳತಿಯ ಮೊಣಕೈ ಹಿಡಿದು ಒಳಕೋಣೆಗೆ ಕರೆದುಕೊಂಡು ಹೋದಳು, ಕಲ್ಲಿನ ಸ್ವಿಚ್ಚು ಹಾಕಿದಳು, ಸದ್ದಿಗೆ ಮಾತು ಹೊರಗೆ ಕೇಳದಿರಲಿ ಅಂತ. ಯಾಕೇ? ಟೈಪಿಸ್ಟು ಡಬ್ಬಿಯ ಮುಚ್ಚಳ ತೆಗೆದು ಮುಚ್ಚಿ ಮಾಡುತ್ತಿದ್ದಳು, ಕೋಪಾನಾ? ನಿನ್ನ ಹೆಸರು ಹೇಳೋಕಾಗುತ್ತಾ, ನಿನಗೋಸ್ಕರವೇ ನನ್ನ ಮೇಲೆ ಹಾಕ್ಕೊಂಡೆ. ನನಗೋಸ್ಕರ ಹೇಳದೇ ಇರಬಹುದಿತ್ತು. ನೀನಂತೂ ಹೇಳಲ್ಲ, ಎಂಥೆಂಥ ಮಾತು, ಆ ಮುದುಕರ ಕಿವಿಗೂ ಬೀಳದೆ ಹೋಗುತ್ತವೆ, ಯಾರಾದ್ರೂ ಹೇಳಬೇಡ್ವಾ — ಮೂವತ್ತು ವರ್ಷ ಕಣೇ, ಮಾನ್ಯರೇ, ತಮ್ಮ ಪತ್ರ ತಲುಪಿತು, ಅಂತ ಊರವರ ಮಾತೇ ಟೈಪು ಮಾಡಿದೆ, ನನ್ನದು ಅಂತ ಒಂದು ಸಾಲಿಲ್ಲ, ರೇಡಿಯೋದವರು ನಿಮ್ಮ ಅನುಭವ ಹೇಳಿ ಅಂದ್ರು, ನನಗೆ ಅನುಭವ ಎಲ್ಲಿದೆ? ಗೆಳತಿಯ ಕಣ್ಣು ತುಂಬಿತ್ತು, ಅದು ನಾಟಕವಲ್ಲ, ಅವಳಿಗೆ ಅದು ತಿಳಿಯುತ್ತದೆ, ಅದಕ್ಕೇ ಇನ್ನೂ ಉರಿಯಿತು. ಚಪ್ಪಲಿ ಯಾಕೆ ಬಿಟ್ಟೆ? ಟೈಪಿಸ್ಟಿಗೆ ಅರ್ಥವಾಗಲಿಲ್ಲ, ಯಾವ ಚಪ್ಪಲಿ? ಆಮೇಲೆ, ಓ, ಅದಾ, ಅದು ಹೇಳಿದ್ರೆ ಜನ ನಗ್ತಿದ್ರು ಕಣೇ, ಕೇಳೋರಿಗೆ ಅಳು ಬೇಕು, ಮತ್ತೆ ಅದು — ಅದು ತಾಯಿಗೆ ಚೆನ್ನಾಗಿ ಕಾಣಲ್ಲ. ಅವಳು ಕಲ್ಲು ಆರಿಸಿದಳು. ಮಂಗಳವಾರ ನಾನು ಬರಲ್ಲ ಅಂದಳು. ಯಾವ ಮಂಗಳವಾರ? ಯಾವುದಕ್ಕೂ. ಟೈಪಿಸ್ಟು ಡಬ್ಬಿಯನ್ನು ಸಾಣೆಯ ಪಕ್ಕದಲ್ಲಿಟ್ಟು, ಪರದೆ ಸರಿಸಿ, ಗಂಡನಿಗೆ ಬರ್ತೀನಿ ಅಂತ ಹೇಳಿ ಹೋದಳು, ಚಪ್ಪಲಿಯ ಸದ್ದು ಬೀದಿಯ ಸದ್ದಿನಲ್ಲಿ ಸೇರಿತು.

ಸುಮ್ಮನಿದ್ದರೆ ಮುಗಿಯಿತು. ಎಲ್ಲರೂ ಕಟ್ಟುಕಥೆ ಅಂದುಕೊಂಡಾಗಿದೆ, ಹಾವೂ ಸಾಯಲಿಲ್ಲ ಕೋಲೂ ಮುರಿಯಲಿಲ್ಲ, ಮೇಷ್ಟ್ರ ಗಾಜಿನ ಅಂಚು ತೀಡಬೇಕು, ಸಂಜೆಗೆ ಮಗಳು ಬರುತ್ತಾಳೆ, ಕೂದಲಲ್ಲಿ ಕೊಳದ ನೀರಿನ ವಾಸನೆ ಹೊತ್ತು. ಆದರೆ ಒಳಗೆ ಪಿಟೀಲು ನಿಲ್ಲುತ್ತಿಲ್ಲ, ಇನ್ನು ಮುಂದೆ ಆ ದಿನವನ್ನು ನೆನೆಸಿಕೊಂಡರೆ ಅದೇ ಬರುತ್ತದೆ, ಕಿಟಕಿಯ ಗಾಜಿನಲ್ಲಿ ಮಗುವಿನ ಮುಖ, ನಾಲ್ಕು ಸಲ ಕೇಳಿದರೆ ತಾನೂ ನಂಬುತ್ತಾಳೆ, ಹೌದು ಮುಖ ಕಂಡಿತ್ತು ಅಂತ, ಆಗ ಆ ರೈಲಿನಲ್ಲಿ ಕೂತಿದ್ದವಳು ಎಲ್ಲಿಗೆ ಹೋಗಬೇಕು. ಅವಳು ಪರದೆ ಸರಿಸಿದಳು. ರೀ. ಅವನು ಅಕ್ಷರದ ಹಲಗೆಯ ದೀಪ ಒರೆಸುತ್ತಿದ್ದ. ಅವತ್ತು ಬಸ್ಸು ಕೆಟ್ಟಿರಲಿಲ್ಲ. ಯಾವತ್ತು? ಪುಟ್ಟಿ ಗೇಟಲ್ಲಿ ನಿಂತ ದಿನ, ನಾನು ಅಕ್ಕನ ಮನೆಗೆ ಹೋಗಿರಲಿಲ್ಲ, ರೇಡಿಯೋದಲ್ಲಿ ಬಂದದ್ದು ಅವಳದ್ದಲ್ಲ, ನನ್ನದು. ಅವನು ಬಟ್ಟೆ ಹಿಡಿದೇ ನಿಂತ, ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು, ಅವನ ಮುಖದಲ್ಲಿ ಒಂದೊಂದಾಗಿ ಏನೇನೋ ಬಂದು ಹೋಯಿತು, ಕೊನೆಗೆ ಬಂದದ್ದು ಸಿಟ್ಟಲ್ಲ, ಸಿಟ್ಟಾಗಿದ್ದರೆ ಚೆನ್ನಾಗಿತ್ತು, ಬಂದು ಅವಳ ಕೈ ಹಿಡಿದುಕೊಂಡ, ಹೋಗಲಿ ಬಿಡೇ, ಮಗು ಮುಖ ನೆನಪಾಗಿ ವಾಪಸ್ ಬಂದ್ಯಲ್ಲ, ಅಷ್ಟು ಸಾಕು ನನಗೆ.

ಇಲ್ಲಿಗೇ ನಿಲ್ಲಿಸಬಹುದು, ಇಲ್ಲಿಗೇ ದೀಪ ಹಾಕಿ ಜನರನ್ನು ಮನೆಗೆ ಕಳಿಸಬಹುದು. ಅವಳು ಕೈ ಬಿಡಿಸಿಕೊಂಡಳು. ಇಲ್ಲ ರೀ. ಮುಖ ನೆನಪಾಗಲಿಲ್ಲ. ಚಪ್ಪಲಿ ಬೇರೆ ಬೇರೆ ಹಾಕಿಕೊಂಡಿದ್ದೆ, ನಾಚಿಕೆಯಾಯಿತು, ಬದಲಿಸೋಕೆ ಬಂದೆ. ಅವನು ನಗುತ್ತಾನೇನೋ ಅಂದುಕೊಂಡಳು, ನಗಲಿಲ್ಲ. ಕುರ್ಚಿಯ ಮೇಲೆ ಕೂತ, ಕಣ್ಣು ಪರೀಕ್ಷೆಗೆ ಬಂದವರು ಕೂರುವ ಕುರ್ಚಿ, ಇಷ್ಟು ವರ್ಷದಲ್ಲಿ ಅವನು ಅದರಲ್ಲಿ ಕೂತದ್ದನ್ನು ಅವಳು ನೋಡಿರಲಿಲ್ಲ. ಎದುರಿನ ಅಕ್ಷರಗಳನ್ನು ನೋಡುತ್ತಾ, ಅವಳ ಕಡೆ ತಿರುಗದೆ, ಮೆಲ್ಲಗೆ ಕೇಳಿದ, ಚಪ್ಪಲಿ ಸರಿ ಇದ್ದಿದ್ದರೆ? ಅವಳು ಬಾಯಿ ತೆರೆದಳು, ಹೇಳಬೇಕು, ಏನಾದರೂ, ರೈಲು ಹೋಗುತ್ತಿದೆ, ಕಿಟಕಿ, ಹೊಲ, ಅಜ್ಜಿಯ ಸೆರಗು, ಚಪ್ಪಲಿ ಸರಿ ಇದ್ದಿದ್ದರೆ ಮೂರನೆಯ ಸ್ಟೇಷನ್ನು, ನಾಲ್ಕನೆಯದು, ಆಮೇಲೆ — ಮುಂದೆ ಏನೂ ಕಾಣುವುದಿಲ್ಲ, ಎಷ್ಟು ನೋಡಿದರೂ ಬರೀ ಗಾಡಿಯ ನೆಲ, ಅದರ ಮೇಲೆ ಎರಡು ಕಾಲು, ಒಂದು ಕಂದು, ಒಂದು ಕಪ್ಪು, ಒಂದು ಕಂದು, ಒಂದು